ತುಂಡುಗೆರೆಯ ಮೇಲಿನ ಹಿಡಿತ: ಮನೆಯ ನಕ್ಷೆಗಳಿಗೆ ಫ್ರೀಕ್ಯಾಡ್ 1.0 ಬಳಸಿ ನೋಡಿದ ಮೇಲೆ

ಹನ್ನೆರಡು ವರ್ಷಗಳ ಹಿಂದೆ ನಾನು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ನಕ್ಷೆ ತೆಗೆಯುವ ಕೆಲಸದಲ್ಲಿದ್ದಾಗ, ಗೋಕುಲ ರಸ್ತೆಯ ಆಚೆಗಿನ ಬಡಾವಣೆಯಲ್ಲಿ ಕಟ್ಟುತ್ತಿದ್ದ ಮನೆಯೊಂದರ ಅಡುಗೆಮನೆಯಲ್ಲಿ ಎರಡು ಕಟ್ಟೆಗಳು ಎದ್ದು ನಿಂತಿದ್ದವು. ಒಂದು ಒಲೆಯ ಕಟ್ಟೆ, ಅದು ಇರಬೇಕಾದದ್ದೇ. ಎದುರಿನ ಗೋಡೆಗೆ ಹತ್ತಿಸಿ, ಎರಡು ಅಡಿ ಅಗಲಕ್ಕೆ ಇಟ್ಟಂಗಿಯ ಕಾಲು ಕಟ್ಟಿ ನಿಲ್ಲಿಸಿದ್ದ ಇನ್ನೊಂದು ಕಟ್ಟೆ ನಮ್ಮ ಲೆಕ್ಕದಲ್ಲಿ ಕಟ್ಟೆಯೇ ಆಗಿರಲಿಲ್ಲ; ನಕ್ಷೆಯಲ್ಲಿ ಅಲ್ಲಿ ಇದ್ದದ್ದು ಏಳು ಅಡಿ ಎತ್ತರದಲ್ಲಿ ಬರಬೇಕಾದ ಅಟ್ಟದ ಅಂಚು. ನಾನು ಹೋಗಿ ಕೇಳಿದಾಗ ಹಿರಿಯ ಗೌಂಡಿಯವರು ಮಡಚಿ ಮಡಚಿ ಸವೆದಿದ್ದ ಝೆರಾಕ್ಸ್ ಪ್ರತಿಯನ್ನು ಬಿಚ್ಚಿ, ಆ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದರು: “ಇದು ಪೂರಾ ಗೆರಿ ಐತಲ್ರೀ ಸರ್. ತುಂಡು ಗೆರಿ ಇದ್ದಿದ್ರ ಮ್ಯಾಲಿಂದು ಅಂತ ನಾನೇ ತಿಳ್ಕೊತಿದ್ದೆ.”

ಅವರ ಮಾತಿನಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ನಾವು ಎಳೆದದ್ದು ತುಂಡುಗೆರೆಯೇ ಆಗಿತ್ತು, ಆದರೆ ಕಾಗದಕ್ಕೆ ಅದು ಅಖಂಡ ಗೆರೆಯಾಗಿ ಇಳಿದಿತ್ತು. ಕಾರಣ ಬರೀ ಲೆಕ್ಕದ್ದು. ನಾವು ಬಳಸುತ್ತಿದ್ದ ನಕ್ಷೆಯ ತಂತ್ರಾಂಶ ಆಟೋಕ್ಯಾಡ್‌ನ ಮಿಲಿಮೀಟರ್ ಗೆರೆಗಳ ಫೈಲಿನಲ್ಲಿ ‘ಹಿಡನ್’ ಎಂಬ ಗೆರೆಯ ಒಂದು ತುಂಡು 6.35 ಮಿ.ಮೀ., ತುಂಡುಗಳ ನಡುವಿನ ಖಾಲಿ ಜಾಗ 3.175 ಮಿ.ಮೀ. ಇರುತ್ತದೆ. ಮನೆಯನ್ನು ಅದರ ನಿಜವಾದ ಅಳತೆಯಲ್ಲಿ ಬಿಡಿಸಿ, ಗೆರೆಯ ಸ್ಕೇಲನ್ನು ಮುಟ್ಟದೆ 1:100ರಲ್ಲಿ ಪ್ರಿಂಟ್ ತೆಗೆದರೆ ಆ ತುಂಡು ಕಾಗದದ ಮೇಲೆ ಸುಮಾರು 0.06 ಮಿ.ಮೀ. ಆಗುತ್ತದೆ, ಖಾಲಿ ಜಾಗ ಅದರ ಅರ್ಧದಷ್ಟು. ಶಾಯಿ ಹರಡಿದ ಕೂಡಲೇ ಆ ಸಂದು ಮುಚ್ಚಿಹೋಗುತ್ತದೆ. ಎಲ್‌ಟಿಸ್ಕೇಲ್ ಎಂಬ, ಗೆರೆಯ ತುಂಡುಗಳನ್ನು ಅಷ್ಟು ಪಟ್ಟು ಹಿಗ್ಗಿಸುವ ಒಂದು ಬೆಲೆಯನ್ನು 50ಕ್ಕೆ ಏರಿಸಿದ್ದರೆ ಅದೇ ತುಂಡು 3 ಮಿ.ಮೀ.ಗಿಂತ ತುಸು ಹೆಚ್ಚಾಗಿ, ಯಾರ ಕಣ್ಣಿಗೂ ಕಾಣುವಂತೆ ಬರುತ್ತಿತ್ತು. ಅದು ತಂತ್ರಾಂಶದ ತಪ್ಪಲ್ಲ, ಹೊಂದಿಸಬೇಕಾದದ್ದನ್ನು ಹೊಂದಿಸದೆ ಬಿಟ್ಟವರು ನಾವು. ಕಟ್ಟೆಯನ್ನು ಒಡೆಸಿದೆವು, ಇಟ್ಟಂಗಿಯ ಖರ್ಚು ಮನೆಯವರಿಗೆ ಬಿತ್ತು, ಆ ಮಾತು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ಹೀಗಾಗಿ ಯಾವ ನಕ್ಷೆಯ ತಂತ್ರಾಂಶ ಕೈಗೆ ಬಂದರೂ ನಾನು ಮೊದಲು ನೋಡುವುದು ಅದು ಕಾಣದ ಅಂಚುಗಳನ್ನು ಹೇಗೆ ತೋರಿಸುತ್ತದೆ, ಅವುಗಳ ಮೇಲೆ ನನಗೆ ಎಷ್ಟು ಹಿಡಿತ ಕೊಡುತ್ತದೆ ಎಂಬುದನ್ನು. ಈಗ ಧಾರವಾಡದ ಸಪ್ತಾಪುರದಲ್ಲಿ ನನ್ನದೇ ಸಣ್ಣ ಕಚೇರಿ ಇದೆ. ಎಂಟು ತಿಂಗಳಿನಿಂದ ಎರಡು ಕೆಲಸಗಳನ್ನು, ಅಂದರೆ ಹುಬ್ಬಳ್ಳಿಯ ನವನಗರದ ಒಂದು ಹೊಸ ಮನೆ ಮತ್ತು ಗದಗ ಜಿಲ್ಲೆಯ ನರಗುಂದದ ಕಡೆಯ ಹಳ್ಳಿಯೊಂದರ ಹಳೆಯ ಮಾಳಿಗೆಮನೆಯ ದುರಸ್ತಿ ನಕ್ಷೆಗಳನ್ನು, ಪೂರ್ತಿಯಾಗಿ ಫ್ರೀಕ್ಯಾಡ್ 1.0ರಲ್ಲಿ ಮಾಡಿದ್ದೇನೆ. ಈ ವಿಮರ್ಶೆ ಆ ತಂತ್ರಾಂಶದ ಎಲ್ಲ ಗುಣಗಳ ಬಗ್ಗೆ ಅಲ್ಲ. ನಕ್ಷೆಯ ವ್ಯೂಗಳಲ್ಲಿ (ಒಂದೊಂದು ದಿಕ್ಕಿನಿಂದ ಕಂಡ ಚಿತ್ರಗಳಲ್ಲಿ) ಹಿಡನ್ ಲೈನ್‌ಗಳನ್ನು, ಅಂದರೆ ಕಾಣದ ಅಂಚುಗಳ ಗೆರೆಗಳನ್ನು, ಬೇಕಾದಲ್ಲಿ ತೋರಿಸುವ, ಬೇಡವಾದಲ್ಲಿ ಅಡಗಿಸುವ ಕೆಲಸವನ್ನು ಅದು ಎಷ್ಟರಮಟ್ಟಿಗೆ ಮಾಡುತ್ತದೆ ಎಂಬುದೊಂದೇ ಇಲ್ಲಿಯ ವಿಷಯ.

ತಂತ್ರಾಂಶದ ಪರಿಚಯ ಎರಡು ಮಾತಿನಲ್ಲಿ ಸಾಕು. ಫ್ರೀಕ್ಯಾಡ್ ಉಚಿತ, ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. 2002ರಲ್ಲಿ ಮೊದಲು ಹೊರಬಂದ ಇದರ 1.0 ಆವೃತ್ತಿ ಬಂದದ್ದು 2024ರ ನವೆಂಬರಿನಲ್ಲಿ. ಕಟ್ಟಡಗಳ ಕೆಲಸಕ್ಕೆಂದು ಇದ್ದ ಹಳೆಯ ಆರ್ಚ್ ವಿಭಾಗವೂ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗಿದ್ದ ಬಿಐಎಂ (ಕಟ್ಟಡದ ಮಾಹಿತಿ ಮಾದರಿ) ವಿಭಾಗವೂ ಈ ಆವೃತ್ತಿಯಲ್ಲಿ ಒಂದಾಗಿ ತಂತ್ರಾಂಶದೊಳಗೇ ಸೇರಿವೆ. ಈ ಭಾಗವನ್ನು ಬೆಳೆಸಿದವರಲ್ಲಿ ಮುಖ್ಯರಾದ ಯೋರಿಕ್ ವಾನ್ ಹಾವ್ರೆ ಸ್ವತಃ ವಾಸ್ತುಶಿಲ್ಪಿ ಎಂಬುದು ಮುಂದೆ ನಾನು ಹೇಳಲಿರುವ ಒಂದು ವಿಷಯದಲ್ಲಿ ಎದ್ದು ಕಾಣುತ್ತದೆ. ಮಾದರಿಯಿಂದ ಕಾಗದದ ಹಾಳೆಗೆ ವ್ಯೂಗಳನ್ನು ಇಳಿಸುವ ಕೆಲಸ ಟೆಕ್‌ಡ್ರಾ ಎಂಬ ಇನ್ನೊಂದು ವಿಭಾಗದ್ದು.

ಎರಡು ಆಯಾಮದ ನಕ್ಷೆಯಲ್ಲಿ ತುಂಡುಗೆರೆಯನ್ನು ನಾವೇ ಎಳೆಯುತ್ತೇವೆ. ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬ ತೀರ್ಮಾನ ಎಳೆಯುವವನ ತಲೆಯಲ್ಲಿ ಆಗಿರುತ್ತದೆ. ಇಲ್ಲಿ ಹಾಗಲ್ಲ. ಮೂರು ಆಯಾಮದ ಮಾದರಿಯನ್ನು ಒಂದು ದಿಕ್ಕಿನಿಂದ ನೋಡಿದಾಗ ಪ್ರತಿಯೊಂದು ಅಂಚಿನ ಮುಂದೆ ಯಾವ ಮೈ ಅಡ್ಡ ಬರುತ್ತದೆ ಎಂಬುದನ್ನು ತಂತ್ರಾಂಶವೇ ಲೆಕ್ಕ ಹಾಕಿ, ಅಡ್ಡ ಬಂದಷ್ಟು ಭಾಗವನ್ನು ಮರೆಯ ಗೆರೆ ಎಂದು ಬೇರ್ಪಡಿಸುತ್ತದೆ. ಈ ಲೆಕ್ಕವನ್ನು ಕಂಪ್ಯೂಟರಿಗೆ ಮೊದಲು ಹೇಳಿಕೊಟ್ಟವರು ಎಂಐಟಿಯಲ್ಲಿ 1963ರಲ್ಲಿ ತಮ್ಮ ಪ್ರಬಂಧ ಬರೆದ ಲಾರೆನ್ಸ್ ರಾಬರ್ಟ್ಸ್. ಮುಂದೆ ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಕಟ್ಟುವ ಕೆಲಸದ ನೇತೃತ್ವ ವಹಿಸಿದವರೂ ಅವರೇ. ಅಂಚುಗಳೂ ಮೈಗಳೂ ಹೆಚ್ಚಿದಂತೆ ಒಂದೊಂದನ್ನೂ ಇನ್ನೊಂದಕ್ಕೆ ತಾಳೆ ಹಾಕುವ ಈ ಕೆಲಸ ಬೇಗ ಬೇಗ ಬೆಳೆಯುತ್ತದೆ, ಆದ್ದರಿಂದ ದೊಡ್ಡ ಮಾದರಿಯಲ್ಲಿ ವ್ಯೂ ಹೊಸದಾಗಿ ಮೂಡಲು ಹೊತ್ತು ಹಿಡಿಯುವುದು ಸಹಜ. ಫ್ರೀಕ್ಯಾಡ್ ಈ ಲೆಕ್ಕವನ್ನು ತನ್ನ ಅಡಿಪಾಯವಾದ ಓಪನ್ ಕ್ಯಾಸ್ಕೇಡ್ ಎಂಬ ತಂತ್ರಾಂಶದಿಂದ ಮಾಡಿಸಿಕೊಳ್ಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ‘ಹಿಡನ್ ಲೈನ್’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಸಂಗತಿಗಳಿವೆ. ಇದನ್ನು ಅರಿಯದೆ ಈ ತಂತ್ರಾಂಶವನ್ನು ತೆರೆದವರು ಒಂದು ವಾರ ಒದ್ದಾಡುತ್ತಾರೆ, ನಾನೂ ಒದ್ದಾಡಿದೆ. ಮೆಕ್ಯಾನಿಕಲ್ ನಕ್ಷೆಯಲ್ಲಿ ಹಿಡನ್ ಎಂದರೆ ಮುಂದಿನ ಮೈಯ ಹಿಂದೆ ಮರೆಯಾದದ್ದು. ಮನೆಯ ಪ್ಲ್ಯಾನಿನಲ್ಲಿ ಹಾಗಲ್ಲ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಮನೆಯನ್ನು ಅಡ್ಡಲಾಗಿ ಕತ್ತರಿಸಿ, ಮೇಲಿನ ಭಾಗವನ್ನು ಎತ್ತಿಟ್ಟು, ಕೆಳಗೆ ನೋಡಿದಂತೆ ನಾವು ಪ್ಲ್ಯಾನ್ ಬಿಡಿಸುತ್ತೇವೆ. ಎತ್ತಿಟ್ಟ ಭಾಗದಲ್ಲಿ ಹೋದ ಸಜ್ಜಾ, ಅಟ್ಟ, ಬೀಮು, ಮೆಟ್ಟಿಲಿನ ಮೇಲಿನ ಅರ್ಧ ಇವು ಯಾವುದರ ಹಿಂದೆಯೂ ಅಡಗಿಲ್ಲ, ಅವು ನೋಡುವವನ ಬೆನ್ನಿನ ಕಡೆ ಇವೆ. ಆದರೂ ಅವನ್ನು ತುಂಡುಗೆರೆಯಲ್ಲಿ ತೋರಿಸದಿದ್ದರೆ ಪ್ಲ್ಯಾನ್ ಅಪೂರ್ಣ. ಅದೇ ಪ್ಲ್ಯಾನಿನಲ್ಲಿ ಪೋರ್ಟಿಕೋದ ನೆಲದಡಿಯ ನೀರಿನ ಸಂಪು, ಒಳಚರಂಡಿಯ ಪೈಪು, ಕಂಬದ ಬುನಾದಿಯಾದ ಫೂಟಿಂಗು ಇವೂ ತುಂಡುಗೆರೆಯಲ್ಲೇ ಬರುತ್ತವೆ, ಆದರೆ ಅವು ನಿಜಕ್ಕೂ ನೆಲದ ಹಿಂದೆ ಮರೆಯಾದವು. ಮೇಲಿನದು ಒಂದು ಜಾತಿ, ಕೆಳಗಿನದು ಇನ್ನೊಂದು ಜಾತಿ.

ಫ್ರೀಕ್ಯಾಡ್‌ನಲ್ಲಿ ಈ ಎರಡಕ್ಕೂ ಎರಡು ಬೇರೆ ದಾರಿಗಳಿವೆ. ಮಾದರಿಯ ವಸ್ತುಗಳನ್ನು ಆರಿಸಿ ನೇರವಾಗಿ ಹಾಳೆಗೆ ಹಾಕುವ ಸಾಮಾನ್ಯ ವ್ಯೂ ಮೊದಲನೆಯದು. ಇದರಲ್ಲಿ ಹಾರ್ಡ್ ಹಿಡನ್, ಸ್ಮೂತ್ ಹಿಡನ್, ಸೀಮ್ ಹಿಡನ್, ಐಸೊ ಹಿಡನ್ ಎಂಬ ನಾಲ್ಕು ಗುಣಗಳಿದ್ದು (ಅವುಗಳ ವ್ಯತ್ಯಾಸ ಮುಂದೆ ಹೇಳುತ್ತೇನೆ), ಒಂದೊಂದನ್ನೂ ಆ ವ್ಯೂಗೆ ಮಾತ್ರ ಅನ್ವಯಿಸುವಂತೆ ಹಾಕಬಹುದು ಅಥವಾ ತೆಗೆಯಬಹುದು. ಇದು ಮರೆಯಾದ ಅಂಚಿನ ದಾರಿ. ಮಾದರಿಯಲ್ಲಿ ಸೆಕ್ಷನ್ ಪ್ಲೇನ್ (ಕತ್ತರಿಸುವ ತಲ) ಇಟ್ಟು, ಅದರಿಂದ ಬಿಐಎಂ ವ್ಯೂ ಹಾಕುವುದು ಎರಡನೆಯದು. ಅದರಲ್ಲಿರುವ ಶೋ ಹಿಡನ್ ಎಂಬ ಗುಣವನ್ನು ಹಾಕಿದರೆ ಕತ್ತರಿಸಿದ ತಲದ ಈಚೆಗಿನ, ಅಂದರೆ ನಾವು ಎತ್ತಿಟ್ಟ ಭಾಗದ ಅಂಚುಗಳು ತುಂಡುಗೆರೆಯಲ್ಲಿ ಮೂಡುತ್ತವೆ. ಮನೆ ಕಟ್ಟಿದವರ ಕಣ್ಣಿನಿಂದ ಯೋಚಿಸಿದವರಿಗೆ ಮಾತ್ರ ಹೊಳೆಯುವ ವ್ಯವಸ್ಥೆ ಇದು. ಅಡುಗೆಮನೆಯ ಅಟ್ಟ ತಾನಾಗಿಯೇ ತುಂಡುಗೆರೆಯಾಗಿ ಪ್ಲ್ಯಾನಿನ ಮೇಲೆ ಬಂದು ಕೂತಾಗ ನನಗೆ ಆದ ಸಮಾಧಾನ ದೊಡ್ಡದು.

ಮೊದಲು ಹೊಸ ಮನೆಯ ಮಾತು. ನವನಗರದ ಮನೆಯ ಪ್ಲ್ಯಾನಿಗೆ ಬಿಐಎಂ ವ್ಯೂ ಚೆನ್ನಾಗಿ ಒದಗಿತು. ಕತ್ತರಿಸಿದ ಗೋಡೆ ದಪ್ಪ ಗೆರೆಯಲ್ಲಿ, ಕೆಳಗೆ ಕಾಣುವ ಕಿಟಕಿಯ ಹಲಗೆ ತೆಳು ಗೆರೆಯಲ್ಲಿ, ಲಿಂಟೆಲ್ ಮಟ್ಟದಲ್ಲಿ ಎರಡು ಅಡಿ ಚಾಚಿದ ಸಜ್ಜಾ ತುಂಡುಗೆರೆಯಲ್ಲಿ ಬಂದವು. ಕತ್ತರಿಸಿದ ಗೆರೆ ಎಷ್ಟು ಪಟ್ಟು ದಪ್ಪ ಇರಬೇಕು ಎಂಬುದನ್ನು ಬಿಐಎಂ ವಿಭಾಗದ ಸೆಟ್ಟಿಂಗ್‌ಗಳಲ್ಲಿ ಹೊಂದಿಸಬಹುದು. ಆದರೆ ಶೋ ಹಿಡನ್ ಹಾಕಿದ ಕೂಡಲೇ ಮೇಲಿನ ಮಹಡಿ, ಅದರ ಗೋಡೆ, ಕಿಟಕಿ, ನೀರಿನ ಟಾಕಿ ಎಲ್ಲವೂ ತುಂಡುಗೆರೆಗಳಾಗಿ ಇಳಿದು ಕೆಳಗಿನ ಪ್ಲ್ಯಾನನ್ನು ಮುಚ್ಚಿಬಿಟ್ಟವು. ಇದಕ್ಕೆ ಪರಿಹಾರ ವ್ಯೂನಲ್ಲಿಲ್ಲ, ಸೆಕ್ಷನ್ ಪ್ಲೇನಿನಲ್ಲಿದೆ: ಅದು ಯಾವ ಯಾವ ವಸ್ತುಗಳನ್ನು ನೋಡಬೇಕು ಎಂಬ ಪಟ್ಟಿ ಅದರೊಳಗೇ ಇರುತ್ತದೆ, ಆ ಪಟ್ಟಿಯಲ್ಲಿ ನೆಲಮಹಡಿಯ ಗೋಡೆ, ಬಾಗಿಲು, ಕಿಟಕಿಗಳ ಜೊತೆ ಸಜ್ಜಾ, ಅಟ್ಟ, ಬೀಮುಗಳನ್ನಷ್ಟೇ ಇಟ್ಟು ಉಳಿದದ್ದನ್ನು ತೆಗೆದುಹಾಕಬೇಕು. ಅಂದರೆ ಯಾವುದನ್ನು ತೋರಿಸಬೇಕು ಎಂಬ ವಿವೇಚನೆ ಮಾದರಿ ಕಟ್ಟುವಾಗಲೇ ಇರಬೇಕು; ತಲೆಯ ಮೇಲಿನ ವಸ್ತುಗಳನ್ನು ಮೊದಲಿನಿಂದಲೂ ಒಂದು ಗುಂಪಿನಲ್ಲಿ ಇಟ್ಟುಕೊಂಡು ಬಂದವರಿಗೆ ಇದು ಎರಡು ನಿಮಿಷದ ಕೆಲಸ, ಇಡದೆ ಬಂದವರಿಗೆ ಅರ್ಧ ದಿನದ್ದು.

ಅದೇ ಮನೆಯ ಸಂಪು ಮಾತ್ರ ಈ ದಾರಿಯಲ್ಲಿ ಬರಲಿಲ್ಲ, ಬರುವುದೂ ಇಲ್ಲ, ಏಕೆಂದರೆ ಅದು ತಲದ ಈಚೆ ಇಲ್ಲ, ನೆಲದ ಕೆಳಗಿದೆ. ನಳದ ನೀರನ್ನು ದಿನಗಟ್ಟಲೆ ಕಾದು ಹಿಡಿದಿಟ್ಟುಕೊಳ್ಳುವ ರೂಢಿ ಬೆಳೆದ ನಮ್ಮ ಅವಳಿ ನಗರದಲ್ಲಿ ಸಂಪು ಎಲ್ಲಿದೆ, ಅದರ ಬಾಯಿ ಎಲ್ಲಿ ಬರುತ್ತದೆ, ಅದರ ಗೋಡೆ ಕಾಲಮ್ಮಿನ ಫೂಟಿಂಗಿಗೆ ಎಷ್ಟು ಹತ್ತಿರವಿದೆ ಎಂಬುದು ಸಣ್ಣ ವಿಷಯವಲ್ಲ. ಎರೆಮಣ್ಣಿನಲ್ಲಂತೂ ಅಗೆತದ ಒಂದೊಂದು ಅಡಿಯೂ ಲೆಕ್ಕಕ್ಕೆ ಬರುತ್ತದೆ. ಅದಕ್ಕಾಗಿ ಪೋರ್ಟಿಕೋದ ನೆಲ, ಸಂಪು, ಫೂಟಿಂಗುಗಳನ್ನು ಮಾತ್ರ ಆರಿಸಿ ಮೇಲಿನಿಂದ ನೋಡುವ ಇನ್ನೊಂದು ಸಾಮಾನ್ಯ ವ್ಯೂ ಹಾಕಿ, ಹಾರ್ಡ್ ಹಿಡನ್ ಗುಣವನ್ನು ಹಾಕಿದೆ. ಈ ಗುಣ ಮೊದಲಿನಿಂದ ಹಾಕಿ ಬಂದಿರುವುದಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು. ಆಮೇಲೆ ಈ ವ್ಯೂವನ್ನು ಪ್ಲ್ಯಾನಿನ ಮೇಲೆ ಸರಿಯಾಗಿ ಕೂಡಿಸುವ ಕೆಲಸ. ಟೆಕ್‌ಡ್ರಾ ಪ್ರತಿ ವ್ಯೂವನ್ನೂ ಅದರೊಳಗಿನ ಆಕೃತಿಯ ನಡುಬಿಂದು ಹಿಡಿದು ಹಾಳೆಯ ಮೇಲೆ ಕೂಡಿಸುವುದರಿಂದ, ಬೇರೆ ಬೇರೆ ವಸ್ತುಗಳಿರುವ ಎರಡು ವ್ಯೂಗಳಿಗೆ ಒಂದೇ ಸ್ಥಾನ ಕೊಟ್ಟರೂ ಅವು ಒಂದರ ಮೇಲೊಂದು ಹೊಂದುವುದಿಲ್ಲ. ನಾನು ಕಂಡುಕೊಂಡ ಉಪಾಯವೆಂದರೆ ನಿವೇಶನದ ಎಲ್ಲೆಯನ್ನು ಒಂದು ತೆಳುವಾದ ಹಲಗೆಯಾಗಿ ಮಾದರಿಯಲ್ಲಿ ಮಾಡಿ, ಎರಡೂ ವ್ಯೂಗಳಲ್ಲಿ ಅದನ್ನು ಸೇರಿಸುವುದು. ಹೊರ ಎಲ್ಲೆ ಒಂದೇ ಆದಾಗ ನಡುಬಿಂದುವೂ ಒಂದೇ ಆಗುತ್ತದೆ. ಆದರೂ ಒಂದು ಮೂಲೆಯನ್ನು ಹಿಗ್ಗಿಸಿ ಗೋಡೆಯ ಗೆರೆಯ ಮೇಲೆ ಗೋಡೆಯ ಗೆರೆ ಬಿದ್ದಿದೆಯೇ ಎಂದು ಕಣ್ಣಾರೆ ನೋಡದೆ ನಾನು ಪ್ರಿಂಟ್ ತೆಗೆಯುವುದಿಲ್ಲ. ಇಷ್ಟು ಸುತ್ತು ಬಳಸಬೇಕಾದದ್ದು ಈ ತಂತ್ರಾಂಶದ ನಿಜವಾದ ಕೊರತೆ.

ಎಲಿವೇಶನ್‌ಗಳಲ್ಲಿ, ಅಂದರೆ ಮನೆಯನ್ನು ಹೊರಗಿನಿಂದ ಎದುರಾಗಿ ನೋಡಿದ ನಕ್ಷೆಗಳಲ್ಲಿ, ಹಿಡನ್ ಲೈನ್ ಬೇಕಾಗುವುದು ಅಪರೂಪ. ಹಾಕಿದರೆ ಮುಂದಿನ ಗೋಡೆಯ ಮೇಲೆ ಹಿಂದಿನ ಕೋಣೆಗಳ ಬಾಗಿಲುಗಳೆಲ್ಲ ಮೂಡಿ ನಕ್ಷೆ ಓದಲಾಗದಂತಾಗುತ್ತದೆ. ತೆಗೆದೇ ಇಡುವುದು ಒಳ್ಳೆಯದು.

ಮಾಳಿಗೆಮನೆಯ ಕೆಲಸ ಈ ತಂತ್ರಾಂಶದ ನಿಜವಾದ ಪರೀಕ್ಷೆಯಾಯಿತು. ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಪಡಸಾಲೆಯಲ್ಲಿ ಕಟ್ಟಿಗೆಯ ಕಂಬಗಳು, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿಗಳು, ಜಂತಿಯ ಮೇಲೆ ಮಣ್ಣಿನ ಮಾಳಿಗೆ, ಅದರಲ್ಲಿ ಒಂದು ಬೆಳಕಿಂಡಿ. ಪಡಸಾಲೆಯ ನೆಲದಡಿ ಒಂದು ಹಗೇವು. ಈ ಕಡೆಯ ಊರುಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವಿನ ಬಾಯಿ ಮನುಷ್ಯ ಇಳಿಯುವಷ್ಟೇ ಕಿರಿದು, ಒಳಗೆ ಹೊಟ್ಟೆ ಗಡಿಗೆಯ ಹಾಗೆ ಅಗಲ; ಬಾಯಿಗೆ ಕಲ್ಲು ಮುಚ್ಚಿ ಮೇಲೆ ನೆಲ ಸಾರಿಸಿದರೆ ಅಲ್ಲೊಂದು ಪೊಳ್ಳು ಇದೆ ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಮುರಿದ ತೊಲೆಯನ್ನು ಬದಲಾಯಿಸಲು ಬಂದ ಕೆಲಸಗಾರರಿಗೆ ಇದನ್ನು ನಕ್ಷೆಯಲ್ಲಿ ತೋರಿಸದಿದ್ದರೆ ಅನಾಹುತವಾಗುತ್ತದೆ. ಒಂದೇ ಪ್ಲ್ಯಾನಿನಲ್ಲಿ ತಲೆಯ ಮೇಲಿನ ತೊಲೆ, ಬೆಳಕಿಂಡಿಗಳೂ ಕಾಲಡಿಯ ಹಗೇವೂ ತುಂಡುಗೆರೆಯಲ್ಲಿ ಬರಬೇಕು, ಆದರೆ ಓದುವವನು ಒಂದನ್ನು ಇನ್ನೊಂದೆಂದು ತಿಳಿಯಬಾರದು.

ಜಂತಿಗಳನ್ನು ಸೆಕ್ಷನ್ ಪ್ಲೇನಿನ ಪಟ್ಟಿಯಿಂದ ತೆಗೆದು, ತೊಲೆ ಮತ್ತು ಬೆಳಕಿಂಡಿಯನ್ನು ಮಾತ್ರ ಶೋ ಹಿಡನ್ ಮೂಲಕ ತಂದೆ. ಹಗೇವನ್ನು ನೆಲದೊಂದಿಗೆ ಸೇರಿಸಿ, ಬೇರೆಯ ಸಾಮಾನ್ಯ ವ್ಯೂನಲ್ಲಿ ತಂದೆ. ಇಲ್ಲಿ ಆ ನಾಲ್ಕು ಗುಣಗಳ ವ್ಯತ್ಯಾಸ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಾರ್ಡ್ ಹಿಡನ್ ಹಾಕಿದಾಗ ಬಾಯಿಯ ಸಣ್ಣ ವೃತ್ತವೂ ಹೊಟ್ಟೆಯ ಹೊರ ಅಂಚಿನ ದೊಡ್ಡ ವೃತ್ತವೂ ಬಂದವು, ಬೇಕಾದದ್ದು ಅಷ್ಟೇ. ಸೀಮ್ ಹಿಡನ್ ಹಾಕಿ ನೋಡಿದೆ: ಬಾಯಿಯಿಂದ ಹೊಟ್ಟೆಯ ಅಂಚಿನವರೆಗೆ ಒಂದು ನೇರ ತುಂಡುಗೆರೆ ಬಂತು. ಗುಂಡಗಿನ ಮೈಯನ್ನು ಕಂಪ್ಯೂಟರ್ ಸುತ್ತಿ ತಂದು ಎಲ್ಲಿ ಜೋಡಿಸುತ್ತದೆಯೋ ಆ ಹೊಲಿಗೆಯ ಗೆರೆ ಅದು. ನಿಜವಾದ ಹಗೇವಿನಲ್ಲಿ ಅಂಥ ಗೆರೆ ಇಲ್ಲ, ಕಾಗದದ ಮೇಲೆ ಮಾತ್ರ ಬಿರುಕಿನಂತೆ ಕಾಣುತ್ತದೆ. ಸ್ಮೂತ್ ಹಿಡನ್ ಒಂದು ಮೈ ಇನ್ನೊಂದಕ್ಕೆ ನುಣ್ಣಗೆ ಕೂಡುವಲ್ಲಿಯ ಗೆರೆಯನ್ನೂ, ಐಸೊ ಹಿಡನ್ ಮೈಯ ಮೇಲಿನ ಅಡ್ಡ-ಉದ್ದ ಗೆರೆಗಳನ್ನೂ ತರುತ್ತವೆ. ಮನೆಯ ನಕ್ಷೆಗೆ ಈ ಮೂರರ ಅವಶ್ಯಕತೆ ನನಗೆ ಇಲ್ಲಿಯವರೆಗೆ ಬಿದ್ದಿಲ್ಲ.

ಇಲ್ಲಿಯೇ ಕೋರ್ಸ್ ವ್ಯೂ ಎಂಬ ಇನ್ನೊಂದು ಗುಣದ ಬಗ್ಗೆ ಎಚ್ಚರಿಸಬೇಕು. ಅದನ್ನು ಹಾಕಿದರೆ ತಂತ್ರಾಂಶ ಮರೆಯ ಗೆರೆಗಳನ್ನು ಅಂದಾಜಿನ ಲೆಕ್ಕದಲ್ಲಿ ಹುಡುಕುತ್ತದೆ, ವೇಗ ಬಹಳ ಹೆಚ್ಚುತ್ತದೆ, ಆದರೆ ಬಾಗಿದ ಗೆರೆಗಳೆಲ್ಲ ಸಣ್ಣ ಸಣ್ಣ ನೇರ ತುಣುಕುಗಳಾಗುತ್ತವೆ. ಹಗೇವಿನ ವೃತ್ತದ ತುಣುಕುಗಳು ತುಂಡುಗೆರೆಯ ಒಂದು ತುಂಡಿಗಿಂತ ಚಿಕ್ಕದಾದಾಗ ನಡುವೆ ಖಾಲಿ ಬಿಡಲು ಜಾಗವೇ ಸಿಗದೆ ವೃತ್ತ ಅಲ್ಲಲ್ಲಿ ಅಖಂಡವಾಗಿ ಕಂಡಿತು. ಹನ್ನೆರಡು ವರ್ಷಗಳ ಹಿಂದಿನ ಅಟ್ಟದ ಗೆರೆ ನೆನಪಾಗಿ ಕೂಡಲೇ ಅದನ್ನು ತೆಗೆದೆ. ಕೆಲಸ ನಡೆದಿರುವಾಗ ಬೇಗ ನೋಡಿಕೊಳ್ಳಲು ಅದು ಸರಿ, ಸೈಟಿಗೆ ಹೋಗುವ ಹಾಳೆಗೆ ಸಲ್ಲದು. ನಿಖರ ಲೆಕ್ಕದಲ್ಲಿ ನನ್ನ 8 ಜಿಬಿ ಕಂಪ್ಯೂಟರ್ ಮಾಳಿಗೆಮನೆಯ ಹಾಳೆಯನ್ನು ಮೂಡಿಸಲು ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಹಾಳೆಯ ಕೀಪ್ ಅಪ್‌ಡೇಟೆಡ್ ಗುಣವನ್ನು ತೆಗೆದಿಟ್ಟರೆ ಮಾದರಿಯಲ್ಲಿ ಮಾಡಿದ ಪ್ರತಿ ಬದಲಾವಣೆಗೂ ವ್ಯೂಗಳು ಹೊಸದಾಗಿ ಮೂಡುವುದು ನಿಲ್ಲುತ್ತದೆ. ಕೆಲಸ ಮುಗಿಸಿ ಕೊನೆಗೊಮ್ಮೆ ಮೂಡಿಸಿಕೊಂಡರೆ ಸಾಕು.

ಗೆರೆಯ ರೂಪದ ವಿಷಯದಲ್ಲಿ 1.0 ಆವೃತ್ತಿ ನನಗೆ ಬಹಳ ಹಿಡಿಸಿತು. ಸಾಮಾನ್ಯ ವ್ಯೂನ ತುಂಡುಗೆರೆ ಕಾಗದದ ಅಳತೆಯಲ್ಲೇ ಇರುತ್ತದೆ. ವ್ಯೂನ ಸ್ಕೇಲ್ 1:100 ಇರಲಿ, 1:20 ಇರಲಿ, ತುಂಡು ಚಿಕ್ಕದಾಗಿ ಕೂಡಿಹೋಗುವ ಭಯವಿಲ್ಲ. ಯಾವ ಮಾನಕದ ಗೆರೆ ಬೇಕು, ಅದರಲ್ಲಿ ಹಿಡನ್ ಲೈನಿಗೆ ಯಾವ ಶೈಲಿ ಎಂಬುದನ್ನು ಸೆಟ್ಟಿಂಗ್‌ಗಳಲ್ಲಿ ಆರಿಸಬಹುದು. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ತುಂಡುಗೆರೆಯ ಒಂದು ತುಂಡು ಗೆರೆಯ ದಪ್ಪದ 12 ಪಟ್ಟು, ಖಾಲಿ ಜಾಗ 3 ಪಟ್ಟು, ಅಂದರೆ 0.25 ಮಿ.ಮೀ. ದಪ್ಪದ ಗೆರೆಗೆ 3 ಮಿ.ಮೀ. ತುಂಡು, 0.75 ಮಿ.ಮೀ. ಸಂದು. ಗೆರೆ ದಪ್ಪವಾದಂತೆ ತುಂಡೂ ಸಂದೂ ಬೆಳೆಯುವ ಈ ನಿಯಮದ ಹಿಂದೆ ಅನುಭವವಿದೆ. ನಮ್ಮಲ್ಲಿ ಸೈಟಿಗೆ ಹೋಗುವುದು ಪ್ಲಾಟರ್‌ನಿಂದ ಬಂದ ಮೂಲ ಹಾಳೆಯಲ್ಲ, ಅದರ ಝೆರಾಕ್ಸ್, ಕೆಲವೊಮ್ಮೆ ಝೆರಾಕ್ಸ್‌ನ ಝೆರಾಕ್ಸ್. ಅದಕ್ಕಾಗಿ ನಾನು ಮರೆಯ ಗೆರೆಯ ದಪ್ಪವನ್ನು 0.35ಕ್ಕೆ ಏರಿಸಿ, ಬಣ್ಣವನ್ನು ಪೂರ್ತಿ ಕಪ್ಪಿಗೆ ಇಟ್ಟಿದ್ದೇನೆ. ಬೂದುಬಣ್ಣದ ತುಂಡುಗೆರೆ ಪರದೆಯ ಮೇಲೆ ಸೊಗಸಾಗಿ ಕಾಣುತ್ತದೆ, ಎರಡನೆಯ ಪ್ರತಿಗೆ ಬರುವಷ್ಟರಲ್ಲಿ ಇಲ್ಲವಾಗುತ್ತದೆ.

ಬಿಐಎಂ ವ್ಯೂನ ತುಂಡುಗೆರೆಗೆ ಈ ಸೆಟ್ಟಿಂಗ್ ತಾಗುವುದಿಲ್ಲ. ಅದರ ನಮೂನೆಯನ್ನು ಬಿಐಎಂ ವಿಭಾಗದ ಸೆಟ್ಟಿಂಗ್‌ಗಳಲ್ಲಿ, ಅಲ್ಪವಿರಾಮದಿಂದ ಬೇರ್ಪಡಿಸಿದ ಎರಡು ಸಂಖ್ಯೆಗಳಾಗಿ ಬರೆಯಬೇಕು. ಮೊದಲನೆಯದು ತುಂಡಿನ ಉದ್ದ, ಎರಡನೆಯದು ಸಂದು. ಎರಡು ಕಡೆ ಎರಡು ಸೆಟ್ಟಿಂಗ್ ಇರುವುದು ಮೊದಲಿಗೆ ಗೊಂದಲವೆನಿಸಿದರೂ ಮಾಳಿಗೆಮನೆಯಲ್ಲಿ ನಾನು ಇದನ್ನೇ ಅನುಕೂಲಕ್ಕೆ ತಿರುಗಿಸಿಕೊಂಡೆ: ತಲೆಯ ಮೇಲಿನ ತೊಲೆಗೆ ಉದ್ದ ತುಂಡು, ಕಾಲಡಿಯ ಹಗೇವಿಗೆ ಗಿಡ್ಡ ತುಂಡು. ಪಕ್ಕದಲ್ಲಿ ‘ಮೇಲೆ’, ‘ನೆಲದಡಿ’ ಎಂದು ಕನ್ನಡದಲ್ಲಿ ಬರೆದೆ. ಎರಡು ನಮೂನೆಗಳು ಕಾಗದದ ಮೇಲೆ ಬೇರೆಯಾಗಿ ಕಾಣುವವರೆಗೆ ನಾಲ್ಕು ಬಾರಿ ಪ್ರಿಂಟ್ ತೆಗೆದು ನೋಡಬೇಕಾಯಿತು.

ಒಂದೊಂದೇ ಗೆರೆಯನ್ನು ಹಿಡಿದು ತಿದ್ದುವ ಅವಕಾಶವೂ ಟೆಕ್‌ಡ್ರಾದಲ್ಲಿದೆ. ಸಾಮಾನ್ಯ ವ್ಯೂನಲ್ಲಿ ಬೇಡದ ಅಂಚನ್ನು ಆರಿಸಿ, ಗೆರೆಯ ರೂಪ ಬದಲಾಯಿಸುವ ಸಾಧನದಿಂದ ಅದರ ಶೈಲಿ, ಬಣ್ಣ, ದಪ್ಪ ಬದಲಿಸಬಹುದು ಅಥವಾ ಅದನ್ನು ಪೂರ್ತಿ ಅಡಗಿಸಬಹುದು. ಅಡಗಿಸಿದ್ದನ್ನು ಮತ್ತೆ ನೋಡಬೇಕೆಂದರೆ ಇನ್ನೊಂದು ಗುಂಡಿ ಒತ್ತಿದರೆ ಅವೆಲ್ಲ ತಾತ್ಕಾಲಿಕವಾಗಿ ಕಾಣುತ್ತವೆ. ಕೈಯಿಂದ ನಕ್ಷೆ ಬಿಡಿಸಿ ಬೆಳೆದ ನನಗೆ ಈ ಸಾಧನ ಅಚ್ಚುಮೆಚ್ಚು. ಆದರೆ ತಂತ್ರಾಂಶ ಅಂಚನ್ನು ನೆನಪಿಟ್ಟುಕೊಳ್ಳುವುದು ಅದರ ಕ್ರಮಸಂಖ್ಯೆಯಿಂದ. ಮಾದರಿಯಲ್ಲಿ ಒಂದು ಕಿಟಕಿ ಹೆಚ್ಚಾದರೂ ಸಂಖ್ಯೆಗಳು ಜರುಗಿ, ಒಂದು ಗೆರೆಗೆ ಮಾಡಿದ ತಿದ್ದುಪಡಿ ಇನ್ನೊಂದು ಗೆರೆಗೆ ಹೋಗಿ ಕೂಡಬಹುದು. ಆದ್ದರಿಂದ ಮನೆಯವರು ಇನ್ನು ಬದಲಾವಣೆ ಬೇಡ ಎಂದು ಒಪ್ಪಿದ ಮೇಲೆಯೇ ಈ ಸಾಧನವನ್ನು ಮುಟ್ಟಬೇಕು, ಮುಟ್ಟಿದ ಮೇಲೆ ಮಾದರಿ ಬದಲಾದರೆ ಹಾಳೆಯನ್ನು ಮೊದಲಿನಿಂದ ಪರಿಶೀಲಿಸಬೇಕು.

ಹಳ್ಳಿಯಲ್ಲಿ ಕೆಲಸ ಶುರುವಾದ ದಿನ ನಾನು ಅಲ್ಲಿದ್ದೆ. ತೊಲೆಗೆ ಆಸರೆ ಕೊಡಲು ಕಬ್ಬಿಣದ ಕಂಬಗಳನ್ನು ಎಲ್ಲಿ ನಿಲ್ಲಿಸಬೇಕೆಂದು ನೋಡುತ್ತಿದ್ದ ಗೌಂಡಿ ಹಾಳೆಯನ್ನು ನೆಲದ ಮೇಲೆ ಹರಡಿ, ಗಿಡ್ಡ ತುಂಡಿನ ವೃತ್ತವನ್ನು ಕಂಡು, ಗೋಡೆಯಿಂದ ಟೇಪು ಹಿಡಿದು ಅಳೆದು, ಪಡಸಾಲೆಯ ನೆಲದ ಮೇಲೆ ಸುಣ್ಣದ ಪುಡಿಯಿಂದ ಅದೇ ವೃತ್ತವನ್ನು ಎಳೆದರು. ಎರಡು ಕಂಬಗಳನ್ನು ಆ ವೃತ್ತದಿಂದ ಮೂರು ಅಡಿ ಆಚೆ ಸರಿಸಿ ನಿಲ್ಲಿಸಿದರು. ನಾನು ಬಾಯಿಬಿಟ್ಟು ಏನನ್ನೂ ಹೇಳಬೇಕಾಗಲಿಲ್ಲ.

ಕೊಂಡುಕೊಳ್ಳುವ ಖರ್ಚಿಲ್ಲದ ಈ ತಂತ್ರಾಂಶವನ್ನು ಮನೆಗಳ ಮಟ್ಟದ ಕೆಲಸ ಮಾಡುವ ಸಣ್ಣ ಕಚೇರಿಗಳಿಗೂ ಡಿಪ್ಲೊಮಾ, ಬಿ.ಆರ್ಕ್. ವಿದ್ಯಾರ್ಥಿಗಳಿಗೂ ಧೈರ್ಯವಾಗಿ ಹೇಳುತ್ತೇನೆ, ಒಂದು ತಿಂಗಳು ಕಲಿಯುವ ತಾಳ್ಮೆ ಇದ್ದರೆ. ಮೂರು-ನಾಲ್ಕು ಮಹಡಿಯ ವಾಣಿಜ್ಯ ಕಟ್ಟಡಗಳನ್ನು ವಾರದೊಳಗೆ ಮುಗಿಸಿ ಕೊಡಬೇಕಾದವರಿಗೆ ಹೇಳುವುದಿಲ್ಲ. ವ್ಯೂಗಳು ಮೂಡುವ ಹೊತ್ತು, ಒಂದರ ಮೇಲೊಂದು ವ್ಯೂ ಹೊಂದಿಸುವ ಶ್ರಮ ಅವರಿಗೆ ದುಬಾರಿಯಾಗುತ್ತದೆ. ತಲದ ಮೇಲಿನದೂ ನೆಲದ ಕೆಳಗಿನದೂ ಒಂದೇ ಬಿಐಎಂ ವ್ಯೂನಲ್ಲಿ, ಎರಡು ಬೇರೆ ನಮೂನೆಯ ತುಂಡುಗೆರೆಗಳಲ್ಲಿ ಬರುವಂತಾದರೆ ಈ ಮಾತನ್ನು ನಾನು ಬದಲಾಯಿಸುತ್ತೇನೆ. ಅಲ್ಲಿಯವರೆಗೆ ನನ್ನ ಕಚೇರಿಯಲ್ಲಿ ಪ್ರತಿ ಹಾಳೆಯೂ ಪ್ಲಾಟರ್‌ನಿಂದ ಬಂದ ಮೇಲೆ ಒಂದು ಝೆರಾಕ್ಸ್ ಆಗುತ್ತದೆ, ಆ ಪ್ರತಿಯಲ್ಲಿ ಪ್ರತಿ ತುಂಡುಗೆರೆಯ ಸಂದೂ ಕಂಡ ಮೇಲೆಯೇ ಅದಕ್ಕೆ ಸಹಿ ಬೀಳುತ್ತದೆ.